ಬೇರೆ ಬೇರೆ ಸ್ಪೀಡಿನ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ

ಕಳೆದ ಮಳೆಗಾಲದಲ್ಲಿ ಚಿಕ್ಕಮಗಳೂರಿನ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್ ನನ್ನ ಟೇಬಲ್ಲಿಗೆ ಬಂತು. ಸ್ಟುಡಿಯೋ ನಡೆಸುವವರು ಗಂಡ ಹೆಂಡತಿ. ಗಂಡ ಫೋಟೋ ತೆಗೆಯುತ್ತಾರೆ, ಹೆಂಡತಿ ಕೂತು ಆಲ್ಬಂ ಮಾಡುತ್ತಾರೆ. ಆಲ್ಬಂ ಕೆಲಸಕ್ಕೆ 8 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಡೇಟಾ ಇರುವ ತಾತ್ಕಾಲಿಕ ಮೆಮೊರಿ) ಸಾಲುತ್ತಿಲ್ಲ ಎಂದು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದ್ದರು. ತೊಂದರೆ ಅಲ್ಲಿಂದ ಶುರು.

"ಅಣ್ಣ, ಒಂದೊಂದು ದಿನ ಚೆನ್ನಾಗೇ ಇರುತ್ತೆ. ಒಂದೊಂದು ದಿನ ಮೂರ್ನಾಲ್ಕು ಸಲ ತಾನೇ ಆನ್ ಆಗಿ ಆಫ್ ಆಗಿ ಆಮೇಲೆ ಬರುತ್ತೆ. ಇನ್ನು ಕೆಲವು ದಿನ ಫೋಟೋಶಾಪ್ ಅರ್ಧಕ್ಕೇ ಮುಚ್ಚಿಕೊಂಡು ಹೋಗುತ್ತೆ" ಎಂದರು ಆಕೆ. ಆಮೇಲೆ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಧಾರೆಯ ಫೋಟೋ. ಮೇಲಿನ ಅರ್ಧ ಸರಿಯಾಗಿತ್ತು. ಕೆಳಗಿನ ಅರ್ಧ ಪಕ್ಕಕ್ಕೆ ಜರುಗಿ, ಹಸಿರು ಬೂದು ಪಟ್ಟಿಗಳಾಗಿತ್ತು. "ಇದನ್ನ ಹುಡುಗಿ ಮನೆಯವರಿಗೆ ಹೇಗೆ ಕೊಡ್ಲಿ?"

ಕ್ಯಾಬಿನೆಟ್ ತೆರೆದು ನೋಡಿದೆ. ಹಳೆಯ ಸ್ಟಿಕ್ (ರ‍್ಯಾಮಿನ ಪಟ್ಟಿಗೆ ಹೀಗೆ ಹೇಳುತ್ತೇವೆ) ಡಿಡಿಆರ್4 ಎಂಬ ತಲೆಮಾರಿನದು, ಸ್ಪೀಡ್ 2400. ಹೊಸದು ಡಿಡಿಆರ್4, 3200. ಇದನ್ನು ಆಗಲೇ ಬೇರೆ ಕಡೆ ತೋರಿಸಿದ್ದರಂತೆ. "ಸ್ಪೀಡ್ ಬೇರೆ ಬೇರೆ ಇದೆ, ಅದಕ್ಕೇ ಹೀಗೆ. ಹಳೇದನ್ನ ತೆಗೆದುಬಿಡಿ, ಹೊಸದರ ಥರದ್ದೇ ಇನ್ನೊಂದು ತಗೊಳ್ಳಿ" ಅಂದಿದ್ದರಂತೆ. ಈ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಒಪ್ಪುವುದಿಲ್ಲ. ಸ್ಪೀಡ್ ಬೇರೆ ಇದ್ದ ಮಾತ್ರಕ್ಕೆ ಕಂಪ್ಯೂಟರ್ ಕೆಡುವುದಿಲ್ಲ. ಕೆಟ್ಟಿದೆ ಎಂದರೆ ಕಾರಣ ಬೇರೆಲ್ಲೋ ಇದೆ. ಅದನ್ನು ಹುಡುಕದೆ ಸ್ಟಿಕ್ ಬದಲಿಸಿದರೆ ಸುಮ್ನೆ ದುಡ್ಡು ದಂಡ.

ಆನ್ ಮಾಡಿದಾಗ ಒಳಗೆ ಏನಾಗುತ್ತದೆ

ಪ್ರತಿ ರ‍್ಯಾಮ್ ಸ್ಟಿಕ್ಕಿನಲ್ಲೂ ಒಂದು ಪುಟ್ಟ ಚಿಪ್ ಇರುತ್ತದೆ. ಅದರಲ್ಲಿರುವ ಮಾಹಿತಿಗೆ ಎಸ್‌ಪಿಡಿ ಎನ್ನುತ್ತಾರೆ. ನಾನು ಇಷ್ಟು ಜಿಬಿ, ಇಷ್ಟು ಸ್ಪೀಡಿನಲ್ಲಿ ಓಡಬಲ್ಲೆ, ಉತ್ತರ ಕೊಡಲು ನನಗೆ ಇಷ್ಟು ಸಮಯ ಬೇಕು ಎಂಬ ವಿವರವೆಲ್ಲ ಅದರಲ್ಲಿದೆ. ಪವರ್ ಬಟನ್ ಒತ್ತಿದ ಕೂಡಲೇ ಬಯೋಸ್ (ಮದರ್‌ಬೋರ್ಡಿನೊಳಗೇ ಇರುವ, ಕಂಪ್ಯೂಟರನ್ನು ಎಬ್ಬಿಸುವ ಸಾಫ್ಟ್‌ವೇರ್) ಎಲ್ಲ ಸ್ಟಿಕ್ಕುಗಳ ಎಸ್‌ಪಿಡಿ ಓದುತ್ತದೆ. ಎಲ್ಲರಿಗೂ ಆಗುವ ಒಂದು ಸ್ಪೀಡನ್ನು ಆರಿಸುತ್ತದೆ. ಅಂದರೆ ನಿಧಾನದ ಸ್ಟಿಕ್ಕಿನ ಸ್ಪೀಡ್. ಪ್ರೊಸೆಸರ್ ಅದಕ್ಕಿಂತ ಕಡಿಮೆಯದಾದರೆ ಪ್ರೊಸೆಸರಿನ ಸ್ಪೀಡ್.

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮುಂದೆ ಲೋಡ್ ಲಾರಿ ಇದ್ದರೆ ಹಿಂದಿನ ಕಾರು ಎಷ್ಟೇ ಹೊಸದಾಗಿರಲಿ, ಲಾರಿಯ ವೇಗದಲ್ಲೇ ಇಳಿಯಬೇಕು. ಊರು ಮುಟ್ಟುವುದು ತಡವಾಗುತ್ತದೆ, ಅಷ್ಟೇ. ಯಾರಿಗೂ ಏನೂ ಆಗುವುದಿಲ್ಲ. 2400 ಮತ್ತು 3200 ಜೊತೆಗೆ ಹಾಕಿದಾಗ ಎರಡೂ 2400ರಲ್ಲಿ ಓಡುವುದು ಹೀಗೆ.

ಇಲ್ಲಿ ಇನ್ನೊಂದು ಲೆಕ್ಕ ಗೊತ್ತಿರಬೇಕು. ಡಿಡಿಆರ್ ಎಂದರೆ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಹೋಗುತ್ತದೆ. ಹಾಗಾಗಿ 2400 ಸ್ಟಿಕ್ಕಿನ ನಿಜವಾದ ಗಡಿಯಾರ 1200 ಮೆಗಾಹರ್ಟ್ಸ್. ವಿಂಡೋಸಿನ ಟಾಸ್ಕ್ ಮ್ಯಾನೇಜರ್ 2400 ಎಂದು ತೋರಿಸುತ್ತದೆ. ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ 1200 ಎಂದು ತೋರಿಸುತ್ತದೆ. ಎರಡೂ ಸರಿ. "ನನಗೆ ಅರ್ಧ ಸ್ಪೀಡಿನ ರ‍್ಯಾಮ್ ಕೊಟ್ಟು ಮೋಸ ಮಾಡಿದ್ದಾರೆ" ಎಂದು ಅಂಗಡಿಗೆ ಜಗಳಕ್ಕೆ ಹೋಗುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಕಂಪ್ಯೂಟರ್ ಸರಿಯಾಗಿ ಓಡುತ್ತಿದೆ, ಆದರೆ 3200ರ ಬದಲು 2400 ತೋರಿಸುತ್ತಿದೆ ಎಂದರೆ ಅದು ದೋಷ ಅಲ್ಲ. ಏನೂ ಮಾಡಬೇಡಿ. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇದ್ದರೆ 16 ಜಿಬಿಯಲ್ಲಿ 1 ಅಥವಾ 2 ಜಿಬಿ ಅದಕ್ಕೆ ಮೀಸಲಾಗಬಹುದು. 14 ಜಿಬಿ ಚಿಲ್ಲರೆ ಮಾತ್ರ ಕಾಣಿಸಿದರೆ ಅದೂ ದೋಷ ಅಲ್ಲ. ಎಷ್ಟೇ ಹಾಕಿದರೂ 4 ಜಿಬಿಯೊಳಗೇ ನಿಂತರೆ ವಿಂಡೋಸ್ 32 ಬಿಟ್ಟಿನದ್ದೇ ಎಂದು ನೋಡಿ.

ಲೇಬಲ್ ಓದುವುದು

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಹಾಳೆ ಪೆನ್ನು ತೆಗೆದುಕೊಳ್ಳಿ. ಕರೆಂಟಿನ ವೈರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟನ್ನು ಇಳಿಸಿ. ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ. ಆಮೇಲೆ ಸ್ಟಿಕ್ ತೆಗೆದು ಲೇಬಲ್ ಮೇಲಿರುವುದನ್ನು ಪೂರ್ತಿ ಬರೆದುಕೊಳ್ಳಿ.

ಕೆಲವು ಲೇಬಲ್‌ಗಳಲ್ಲಿ 2400 ಎಂಬ ಅಂಕಿ ಇರುವುದೇ ಇಲ್ಲ. ಪಿಸಿ4-19200 ಎಂದಿರುತ್ತದೆ. ಅದನ್ನು 8ರಿಂದ ಭಾಗಿಸಿದರೆ 2400 ಬರುತ್ತದೆ. ಪಿಸಿ4-25600 ಎಂದರೆ 3200. 1ಆರ್ ಎಕ್ಸ್ 8, 2ಆರ್ ಎಕ್ಸ್ 8 ಎಂಬ ಬರಹವೂ ಇರಬಹುದು. ಮೊದಲ ಅಂಕಿ ರ‍್ಯಾಂಕ್, ಅಂದರೆ ಚಿಪ್‌ಗಳ ಗುಂಪು ಎಷ್ಟು ಎಂಬುದು. ಇದು ಆಮೇಲೆ ಬೇಕಾಗುತ್ತದೆ. ವೋಲ್ಟೇಜನ್ನೂ ಬರೆದುಕೊಳ್ಳಿ. ಡಿಡಿಆರ್4ರ ಸಾಮಾನ್ಯ ವೋಲ್ಟೇಜ್ 1.2. ಲೇಬಲ್ ಮೇಲೆ 1.35 ಎಂದಿದ್ದರೆ ಆ ಸ್ಟಿಕ್ ಹೇಳಿಕೊಳ್ಳುವ ಜಾಸ್ತಿ ಸ್ಪೀಡ್ ತಾನಾಗಿ ಬರುವುದಲ್ಲ. ಬಯೋಸಿನಲ್ಲಿ ಒಂದು ಪ್ರೊಫೈಲ್ ಆನ್ ಮಾಡಿದರೆ ಮಾತ್ರ ಬರುತ್ತದೆ. ಅದರ ಹೆಸರು ಎಕ್ಸ್‌ಎಂಪಿ. ಎಎಂಡಿ ಪ್ರೊಸೆಸರಿನ ಬೋರ್ಡ್‌ಗಳಲ್ಲಿ ಡಿಒಸಿಪಿ ಎಂದೂ ಇರಬಹುದು. ಈ ಹೆಸರು ನೆನಪಿರಲಿ, ಸ್ಟುಡಿಯೋದ ಕಥೆ ಇಲ್ಲಿಗೇ ವಾಪಸ್ ಬರುತ್ತದೆ.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಹತ್ತಿರ ಜಾಸ್ತಿ ಬರುವ ದೂರು ಇದು.

ಆಲ್ದೂರಿನ ಕಡೆ ಒಂದು ಕಾಫಿ ತೋಟದ ಆಫೀಸು. ತೋಟದ ಲೆಕ್ಕ ನೋಡುವ ರೈಟ್ರು ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಬರೆಯುವ ಕಂಪ್ಯೂಟರ್ ಅದು. ಇಂಟೆಲ್ 6ನೇ ತಲೆಮಾರಿನ ಐ3 ಪ್ರೊಸೆಸರ್, ಎರಡೇ ಸ್ಲಾಟಿನ ಬೋರ್ಡ್. ಒಂದರಲ್ಲಿ 4 ಜಿಬಿ 2133 ಇತ್ತು. ಖಾಲಿ ಸ್ಲಾಟಿಗೆ 8 ಜಿಬಿ 2666 ಹಾಕಿದ್ದರು. ಡಿಸ್‌ಪ್ಲೇ ಇಲ್ಲ. ಹೊಸದನ್ನು ತೆಗೆದರೆ ಬರುತ್ತದೆ. "ಸ್ಪೀಡ್ ಹೊಂದಾಣಿಕೆ ಇಲ್ಲವಂತೆ, ಶನಿವಾರ ಬಟವಾಡೆ ಬೇರೆ ಇದೆ" ಎಂದು ರೈಟ್ರು ಬೇಜಾರಾಗಿದ್ದರು.

ಇಂಥ ಕಡೆ ನಾನು ಮಾಡುವ ಪರೀಕ್ಷೆ ಒಂದೇ. ಎರಡು ಸ್ಟಿಕ್, ಎರಡು ಸ್ಲಾಟ್. ಒಂದೊಂದನ್ನೇ, ಒಂದೊಂದರಲ್ಲೇ ಹಾಕಿ ನೋಡುವುದು. ಒಟ್ಟು ನಾಲ್ಕು ಸಲ. ಪ್ರತಿ ಸಲ ಬಂತೋ ಇಲ್ಲವೋ ಎಂದು ಹಾಳೆಯಲ್ಲಿ ಗುರುತು ಹಾಕುವುದು. ಅಲ್ಲಿ ಸಿಕ್ಕಿದ್ದು ಹೀಗಿತ್ತು: ಹಳೆಯದು ಮೊದಲ ಸ್ಲಾಟಿನಲ್ಲಿ ಬಂತು. ಹೊಸದೂ ಮೊದಲ ಸ್ಲಾಟಿನಲ್ಲಿ ಬಂತು. ಎರಡನೇ ಸ್ಲಾಟಿನಲ್ಲಿ ಎರಡೂ ಬರಲಿಲ್ಲ.

ಸ್ಟಿಕ್ ಕೆಟ್ಟಿದ್ದರೆ ಅದು ಯಾವ ಸ್ಲಾಟಿಗೆ ಹೋದರೂ ತೊಂದರೆ ಅದರ ಜೊತೆಗೇ ಹೋಗಬೇಕಿತ್ತು. ಇಲ್ಲಿ ತೊಂದರೆ ಸ್ಲಾಟ್ ಬಿಟ್ಟು ಕದಲಲಿಲ್ಲ. ಒಂಟಿಯಾಗಿ ಹಾಕಿದಾಗಲೂ ಬರುತ್ತಿಲ್ಲ ಎಂದ ಮೇಲೆ ಸ್ಪೀಡ್ ಬೇರೆ ಎಂಬ ಮಾತೇ ಬರುವುದಿಲ್ಲ ಅಲ್ವಾ? ಟಾರ್ಚ್ ಬಿಟ್ಟು ನೋಡಿದೆ. ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟ್. ಧೂಳು, ಜೇಡರ ಬಲೆ, ಅದರ ಮೇಲೆ ಮಳೆಗಾಲದ ತೇವ. ಒಳಗಿನ ಪಿನ್‌ಗಳು ಮಂಕಾಗಿದ್ದವು. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದೆ. ಬ್ಲೋವರ್ ಬಿಟ್ಟೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಪೂರ್ತಿ ಒಣಗಲು ಬಿಟ್ಟೆ. ಸ್ಟಿಕ್ಕನ್ನು ನಾಲ್ಕೈದು ಸಲ ಹಾಕಿ ತೆಗೆದೆ. ಐದನೇ ಸಲಕ್ಕೆ ಡಿಸ್‌ಪ್ಲೇ ಬಂತು. ಎರಡೂ ಸೇರಿ 12 ಜಿಬಿ, 2133ರಲ್ಲಿ. ಅವರ ಶನಿವಾರದ ಬಟವಾಡೆಯ ಲೆಕ್ಕ ಅದರಲ್ಲೇ ಆಯಿತು.

ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ರೂಢಿ. ನಾನು ಈಗ ಅದನ್ನು ಬಿಟ್ಟಿದ್ದೇನೆ. ಆ ಲೇಪ ಬಹಳ ತೆಳ್ಳಗಿನದು, ಉಜ್ಜಿದಷ್ಟೂ ಸವೆಯುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತೊಂದರೆ. ಐಸೋಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ಹಚ್ಚಿ ಒರೆಸಿದರೆ ಸಾಕು. ಹಾಕುವಾಗ ಸ್ಲಾಟಿನ ತುದಿಯ ಕ್ಲಿಪ್ ಹಿಡಿದುಕೊಳ್ಳುವ ಟಕ್ ಶಬ್ದ ಕೇಳಲೇಬೇಕು. ಅರ್ಧ ಕೂತ ಸ್ಟಿಕ್ಕುಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಒಂಟಿಯಾಗಿ ಎಲ್ಲ ಕಡೆ ಬರುತ್ತದೆ, ಜೊತೆಗೆ ಹಾಕಿದರೆ ಮಾತ್ರ ಇಲ್ಲ ಎಂದರೆ ಮುಂದಿನ ಹೆಜ್ಜೆ ಬಯೋಸಿನ ಹಳೆಯ ನೆನಪನ್ನು ಅಳಿಸುವುದು. ಹಿಂದಿನ ಸ್ಟಿಕ್ಕಿನ ಲೆಕ್ಕವನ್ನೇ ಅದು ಹಿಡಿದುಕೊಂಡಿರಬಹುದು. ಬೋರ್ಡಿನ ಮೇಲಿನ ಬಟನ್ ಸೆಲ್ ತೆಗೆದು ಐದು ನಿಮಿಷ ಬಿಡಿ. ಬೋರ್ಡಿನ ಪುಸ್ತಕದಲ್ಲಿ ಹೇಳಿದ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಕ್ಯಾಪ್) ಬಳಸಿದರೆ ಇನ್ನೂ ಒಳ್ಳೆಯದು. ಆದರೆ ಇದಕ್ಕೂ ಮೊದಲು ಒಂದು ಎಚ್ಚರಿಕೆ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಮುಟ್ಟಿದ ಮೇಲೆ ರಿಕವರಿ ಕೀ ಕೇಳಬಹುದು. 48 ಅಂಕಿಯ ಆ ಕೀ ಕೈಯಲ್ಲಿಲ್ಲದೆ ಸೆಲ್ ತೆಗೆಯಬೇಡಿ. ಡೇಟಾ ಒಳಗೇ ಉಳಿದುಬಿಡುತ್ತದೆ.

ಅಳಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ತಾಳ್ಮೆ ಬೇಕು. ಹೊಸ ರ‍್ಯಾಮಿನ ಜೊತೆ ಬೋರ್ಡ್ ಅಳತೆ ಹೊಂದಿಸಿಕೊಳ್ಳುತ್ತದೆ. ಡಿಡಿಆರ್5 ಬೋರ್ಡ್‌ಗಳಲ್ಲಿ ಇದಕ್ಕೆ ಕೆಲವು ನಿಮಿಷವೇ ಹಿಡಿಯಬಹುದು. ಅಷ್ಟರಲ್ಲಿ ಕೆಟ್ಟಿದೆ ಎಂದುಕೊಂಡು ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ.

ಆನ್ ಆಗುತ್ತದೆ, ಆದರೆ ಬ್ಲೂ ಸ್ಕ್ರೀನ್, ಹ್ಯಾಂಗ್, ಹರಿದ ಫೋಟೋ

ಇನ್ನು ಸ್ಟುಡಿಯೋಗೆ ಬರೋಣ. ಪೂರ್ತಿ ಸತ್ತ ಕಂಪ್ಯೂಟರಿಗಿಂತ ಇದು ಅಪಾಯದ್ದು. ಸತ್ತ ಕಂಪ್ಯೂಟರ್ ಫೈಲ್ ಕೆಡಿಸುವುದಿಲ್ಲ. ಇದು ಕೆಡಿಸುತ್ತದೆ, ಅದೂ ಹೇಳದೆ ಕೇಳದೆ. ಕಾಪಿ ಮಾಡುವಾಗ, ಸೇವ್ ಮಾಡುವಾಗ ಡೇಟಾ ರ‍್ಯಾಮಿನ ಮೂಲಕವೇ ಹೋಗುತ್ತದೆ. ಅಲ್ಲಿ ಒಂದು ಬಿಟ್ ತಪ್ಪಿದರೂ ಡಿಸ್ಕಿಗೆ ತಪ್ಪೇ ಹೋಗಿ ಕೂರುತ್ತದೆ. ಜೆಪೆಗ್ ಫೋಟೋದಲ್ಲಿ ಒಂದು ಕಡೆ ತಪ್ಪಿದರೆ ಅಲ್ಲಿಂದ ಕೆಳಗೆಲ್ಲ ಕೆಡುತ್ತದೆ. ಧಾರೆಯ ಫೋಟೋ ಅರ್ಧ ಸರಿಯಿದ್ದು ಅರ್ಧ ಹರಿದದ್ದು ಅದಕ್ಕೇ. ಸರಿಯಿದ್ದ ಝಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ (ಫೈಲಿನ ಡೇಟಾ ತಪ್ಪಿದೆ ಎಂಬ ಸೂಚನೆ) ಬಂದರೂ ಇದೇ ಅನುಮಾನ ಪಡಬೇಕು.

ಆದ್ದರಿಂದ ಇಂಥ ಲಕ್ಷಣ ಕಂಡ ಕೂಡಲೇ ಕೆಲಸ ನಿಲ್ಲಿಸಿ. ಬ್ಯಾಕಪ್ ಕೂಡ ಆ ಕಂಪ್ಯೂಟರಿನಲ್ಲಿ ತೆಗೆಯಬೇಡಿ.

ವಿಂಡೋಸಿನಲ್ಲೇ ಮೆಮೊರಿ ಡಯಾಗ್ನೊಸ್ಟಿಕ್ ಎಂಬ ಪರೀಕ್ಷೆ ಇದೆ. ಅದು ತಪ್ಪು ತೋರಿಸಿದರೆ ನಂಬಬಹುದು, ಸರಿ ಎಂದರೆ ಪೂರ್ತಿ ನಂಬಲಾಗದು. ನಾನು ಬಳಸುವುದು ಮೆಮ್‌ಟೆಸ್ಟ್86+. ಉಚಿತ. ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದ ಬೂಟ್ ಮಾಡಬೇಕು. ವಿಂಡೋಸ್ ಮಧ್ಯೆ ಬರುವುದೇ ಇಲ್ಲ. ಪರದೆ ಮೇಲೆ ಕೆಂಪು ಸಾಲು ಒಂದೇ ಒಂದು ಬಂದರೂ ಅದು ತಪ್ಪೇ. "ಒಂದೇ ಅಲ್ವಾ, ಪರವಾಗಿಲ್ಲ" ಎನ್ನುವ ಹಾಗಿಲ್ಲ.

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹತ್ತು ನಿಮಿಷಕ್ಕೇ ಕೆಂಪು ಸಾಲುಗಳು ಬಂದವು. ಹಳೆಯ ಸ್ಟಿಕ್ ಕೆಟ್ಟಿರಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪರೀಕ್ಷೆಯ ಪರದೆಯ ಮೇಲೇ ಸ್ಪೀಡ್ ಬರೆದಿತ್ತು: 3200. ಅದೇ ನನ್ನನ್ನು ನಿಲ್ಲಿಸಿತು. 2400 ಸ್ಟಿಕ್ ಜೊತೆಗಿದ್ದಾಗ 3200 ಬರಬಾರದು. ಯಾರೋ ಬರಿಸಿದ್ದಾರೆ.

ಬಯೋಸಿಗೆ ಹೋಗಿ ನೋಡಿದರೆ ಎಕ್ಸ್‌ಎಂಪಿ ಆನ್ ಇತ್ತು. ಹೊಸ ಸ್ಟಿಕ್ಕಿನ ಪ್ರೊಫೈಲನ್ನು ಬೋರ್ಡ್ ಎರಡಕ್ಕೂ ಹೇರಿತ್ತು. ಅದರ ಲೆಕ್ಕ ನೋಡಿ. ಹಳೆಯ ಸ್ಟಿಕ್ 2400, ಸಿಎಲ್ 17. ಅಂದರೆ 1200 ಮೆಗಾಹರ್ಟ್ಸ್ ಗಡಿಯಾರದ 17 ಬಡಿತ ಆದ ಮೇಲೆ ಉತ್ತರ ಕೊಡುತ್ತದೆ. ಸುಮಾರು 14 ನ್ಯಾನೋಸೆಕೆಂಡ್. ಹೊಸದರ ಪ್ರೊಫೈಲ್ 3200, ಸಿಎಲ್ 16. ಅಲ್ಲಿ 1600 ಮೆಗಾಹರ್ಟ್ಸ್ ಗಡಿಯಾರದ 16 ಬಡಿತ, ಅಂದರೆ 10 ನ್ಯಾನೋಸೆಕೆಂಡ್. 14 ಬೇಕಾದ ಚಿಪ್ಪಿಗೆ 10ರಲ್ಲೇ ಉತ್ತರ ಕೊಡು ಎಂದು ಒತ್ತಾಯ ಮಾಡಿದ ಹಾಗಾಯಿತು. ಘಾಟಿಯ ತಿರುವಿನಲ್ಲಿ ಲೋಡ್ ಲಾರಿಗೆ ಕಾರಿನ ವೇಗದಲ್ಲಿ ಹೋಗು ಎಂದಂತೆ. ಕೆಲವು ತಿರುವು ದಾಟುತ್ತದೆ, ಒಂದು ಕಡೆ ಬೀಳುತ್ತದೆ.

"ಇದನ್ನ ಯಾರು ಆನ್ ಮಾಡಿದ್ದಮ್ಮ?" ಎಂದು ಕೇಳಿದೆ. ರ‍್ಯಾಮ್ ಹಾಕಿದವರು ಯಜಮಾನರಿಗೆ ಹೇಳಿಕೊಟ್ಟಿದ್ದರಂತೆ: "ಸ್ಪೀಡ್ ಕಡಿಮೆ ತೋರಿಸಿದರೆ ಬಯೋಸಿಗೆ ಹೋಗಿ ಇದನ್ನ ಆನ್ ಮಾಡಿ." ಅಲ್ಲಿಗೆ ಎಲ್ಲ ಬಿಡಿಸಿಕೊಂಡಿತು. 3200ರಲ್ಲಿ ಆನ್ ಆಗದೆ ಮೂರ್ನಾಲ್ಕು ಸಲ ಸೋತಾಗ ಬೋರ್ಡ್ ತಾನೇ 2400ಕ್ಕೆ ಇಳಿಯುತ್ತಿತ್ತು. ಆ ದಿನ ಕಂಪ್ಯೂಟರ್ ಚೆನ್ನಾಗಿ ಓಡುತ್ತಿತ್ತು. ಸಂಜೆ ಯಜಮಾನರು 2400 ನೋಡಿ, ದುಡ್ಡು ಕೊಟ್ಟ ಸ್ಪೀಡ್ ಬರುತ್ತಿಲ್ಲವಲ್ಲ ಎಂದು ಮತ್ತೆ ಆನ್ ಮಾಡುತ್ತಿದ್ದರು. ಮರುದಿನ ಮತ್ತೆ ಅದೇ ಪಾಡು. ಸರಿಯಾಗಿದ್ದ ದಿನವೇ ಅವರಿಗೆ ದೋಷದ ದಿನವಾಗಿ ಕಂಡಿತ್ತು.

ಇಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಎಕ್ಸ್‌ಎಂಪಿ ಆಫ್ ಮಾಡಿ ಹಳೆಯದನ್ನು ಒಂಟಿಯಾಗಿ ಪರೀಕ್ಷಿಸಿದೆ. ತಪ್ಪಿಲ್ಲ. ಹೊಸದು ಒಂಟಿಯಾಗಿ, ತಪ್ಪಿಲ್ಲ. ಹಳೆಯದನ್ನು ಒಂಟಿಯಾಗಿ ಅದೇ 3200, ಸಿಎಲ್ 16ಕ್ಕೆ ಹಾಕಿದೆ. ಡಿಸ್‌ಪ್ಲೇಯೇ ಬರಲಿಲ್ಲ. ಕೊನೆಗೆ ಎರಡನ್ನೂ 2400ರಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ನೋಡಿದರೆ ಒಂದೂ ಕೆಂಪು ಸಾಲಿಲ್ಲ. ಎರಡು ಸ್ಟಿಕ್ಕೂ ಗಟ್ಟಿ. ಎಸೆಯುವಂಥದ್ದು ಒಂದೂ ಇರಲಿಲ್ಲ.

2666ಕ್ಕೆ ಕೈಯಾರೆ ಏರಿಸಿ ನೋಡಬಹುದಿತ್ತು. ಕೆಲವು 2400 ಸ್ಟಿಕ್ಕುಗಳು ತಡೆದುಕೊಳ್ಳುತ್ತವೆ. ನಾನು ಏರಿಸಲಿಲ್ಲ. ಬೇರೆಯವರ ಮದುವೆಯ ಫೋಟೋ ಇರುವ ಕಂಪ್ಯೂಟರಿನಲ್ಲಿ ಅದೃಷ್ಟ ಪರೀಕ್ಷೆ ಮಾಡಬಾರದು.

ಇನ್ನೊಂದು ವಿಷಯ ಅಲ್ಲೇ ಸಿಕ್ಕಿತು. ನಾಲ್ಕು ಸ್ಲಾಟಿನ ಬೋರ್ಡ್ ಅದು. ಎರಡು ಸ್ಟಿಕ್ಕನ್ನೂ ಅಕ್ಕಪಕ್ಕದ ಸ್ಲಾಟಿನಲ್ಲಿ ಹಾಕಿದ್ದರು, ಅಂದರೆ ಒಂದೇ ಚಾನೆಲ್ಲಿನಲ್ಲಿ (ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಡೇಟಾ ದಾರಿ). ಸಾಮಾನ್ಯವಾಗಿ ಇಂಥ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಬೇಕು. ಆಗ ಎರಡು ಚಾನೆಲ್ಲೂ ಕೆಲಸ ಮಾಡುತ್ತವೆ. ಒಂದು ಚಾನೆಲ್ಲಿಗೆ ಒಂದು ಸಲಕ್ಕೆ 8 ಬೈಟ್. 2400ರಲ್ಲಿ ಒಂದೇ ಚಾನೆಲ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ. ಎರಡು ಚಾನೆಲ್ ಎಂದರೆ 38.4. ಹಳೆಯದನ್ನು ಕಿತ್ತು 3200 ಒಂದನ್ನೇ ಇಟ್ಟಿದ್ದರೆ 25.6 ಮಾತ್ರ. ನಿಧಾನದ ಸ್ಟಿಕ್ಕನ್ನು ಉಳಿಸಿಕೊಂಡಿದ್ದರಿಂದಲೇ ಜಾಸ್ತಿ ಸಿಕ್ಕಿತು. ಅವರದು ರೈಜನ್ 5 3400ಜಿ, ಗ್ರಾಫಿಕ್ಸ್ ಒಳಗೇ ಇದೆ. ಅಂಥ ಪ್ರೊಸೆಸರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಎರಡು ಸ್ಟಿಕ್ಕಿನ ಜಿಬಿ ಬೇರೆ ಇದ್ದರೂ ಇದರ ಲಾಭ ಸ್ವಲ್ಪ ಸಿಗುತ್ತದೆ. ತೋಟದ ಆಫೀಸಿನ 4 ಮತ್ತು 8ರಲ್ಲಿ 4 ಜೊತೆ 4 ಸೇರಿ 8 ಜಿಬಿ ಎರಡು ಚಾನೆಲ್ಲಿನಲ್ಲಿ ಓಡುತ್ತದೆ, ಉಳಿದ 4 ಒಂದೇ ಚಾನೆಲ್ಲಿನಲ್ಲಿ.

ನಿಜವಾಗಿಯೂ ಹೊಂದದ ಜೋಡಿಗಳು

ಎಕ್ಸ್‌ಎಂಪಿ ಆಫ್, ಸ್ಲಾಟ್ ಶುದ್ಧ, ಒಂಟಿಯಾಗಿ ಎರಡೂ ಸರಿ, ಆದರೂ ಜೊತೆಗೆ ಹಾಕಿದರೆ ತಪ್ಪು ಬರುವ ಜೋಡಿಗಳೂ ಇವೆ. ಕಡಿಮೆ, ಆದರೆ ಇವೆ. ರ‍್ಯಾಂಕ್ ಬೇರೆ, ಚಿಪ್ ಬೇರೆ ಆದಾಗ ಕೆಲವು ಹಳೆಯ ಬೋರ್ಡ್‌ಗಳು ಸಮಯವನ್ನು ಸರಿಯಾಗಿ ಹೊಂದಿಸುವುದಿಲ್ಲ. ಮೊದಲು ಬಯೋಸ್ ಅಪ್‌ಡೇಟ್ ಮಾಡಿ ನೋಡಿ, ಯುಪಿಎಸ್ ಇದ್ದರೆ ಮಾತ್ರ. ನಮ್ಮ ಕಡೆ ಮಳೆಗಾಲದ ಕರೆಂಟ್ ನಂಬಿ ಅಪ್‌ಡೇಟಿಗೆ ಕೈಹಾಕಬಾರದು, ಅರ್ಧದಲ್ಲಿ ಹೋದರೆ ಬೋರ್ಡೇ ಹೋಗಬಹುದು. ಆಮೇಲೆ ಸ್ಟಿಕ್ಕುಗಳ ಸ್ಲಾಟ್ ಅದಲು ಬದಲು ಮಾಡಿ. ಅದೂ ಆಗದಿದ್ದರೆ ಕೈಯಾರೆ ಒಂದು ಮೆಟ್ಟಿಲು ಇಳಿಸಿ, 2400ರಿಂದ 2133ಕ್ಕೆ. ಅಲ್ಲೂ ಕೆಂಪು ಸಾಲು ಬಂದರೆ ಆ ಜೋಡಿ ಬಿಟ್ಟುಬಿಡಿ.

ಅಗ್ಗಕ್ಕೆ ಸಿಗುವ ಹಳೆಯ ಸರ್ವರ್ ರ‍್ಯಾಮ್ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡುವುದಿಲ್ಲ. ಲೇಬಲ್ ಮೇಲೆ ರಿಜಿಸ್ಟರ್ಡ್ ಎಂದಿದ್ದರೆ ಕೊಳ್ಳಬೇಡಿ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಡಿಗಿಂತ ವೋಲ್ಟೇಜ್ ಮುಖ್ಯ. ಹಾಸನದಿಂದ ಒಬ್ಬ ಇಂಜಿನಿಯರಿಂಗ್ ಹುಡುಗ ತಂದಿದ್ದ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕಿತ್ತು. ಹಾಕಿದ್ದು 1.5 ವೋಲ್ಟಿನ ಡಿಡಿಆರ್3. ಎರಡರ ಆಕಾರ ಒಂದೇ, ಸ್ಪೀಡೂ ಒಂದೇ, 1600. ಆದರೂ ಆನ್ ಆಗಲಿಲ್ಲ. ಸರಿಯಾದ ಸ್ಟಿಕ್ ಹಾಕಿದ ಕೂಡಲೇ ಬಂತು.

ಸರಿಯಾದ ಮೇಲೆ ಉಳಿಯುವ ಕೆಲಸ

ಪರೀಕ್ಷೆ ಪಾಸಾಯಿತು ಎಂದು ಕಂಪ್ಯೂಟರ್ ಕಟ್ಟಿ ಕೊಡುವುದಕ್ಕೆ ಆಗುವುದಿಲ್ಲ. ಕೆಟ್ಟಿದ್ದ ದಿನಗಳಲ್ಲಿ ಬರೆದ ಫೈಲುಗಳು ಡಿಸ್ಕಿನಲ್ಲಿ ಹಾಗೇ ಇವೆ. ರ‍್ಯಾಮ್ ಸರಿಯಾದರೂ ಅವು ಸರಿಯಾಗುವುದಿಲ್ಲ. ಹೊಸ ಸ್ಟಿಕ್ ಹಾಕಿಸಿದ ತಾರೀಖು ಕೇಳಿಕೊಂಡೆ. ಅಲ್ಲಿಂದ ಮುಂದಿನ ಫೋಲ್ಡರುಗಳನ್ನೆಲ್ಲ ಬೇರೆ ಇಟ್ಟೆವು. ವಿಂಡೋಸಿನ ಸಿಸ್ಟಂ ಫೈಲುಗಳಿಗೆ ಎಸ್‌ಎಫ್‌ಸಿ ಪರೀಕ್ಷೆ ಓಡಿಸಿದೆ. ಕೆಲವು ಕೆಟ್ಟಿದ್ದವು, ಅದೇ ಸರಿಮಾಡಿತು. ಫೋಟೋಗಳಿಗೆ ಅಂಥ ದಾರಿ ಇಲ್ಲ, ಒಂದೊಂದನ್ನೇ ತೆರೆದು ನೋಡಬೇಕು.

ಆಕೆ ಎರಡು ಸಂಜೆ ಕೂತು ನೋಡಿದರು. ಮೂರು ಮದುವೆಯ ಫೋಟೋಗಳಲ್ಲಿ 23 ಹರಿದಿದ್ದವು. ಮೂಲ ಫೋಟೋಗಳು ಕ್ಯಾಮೆರಾದ ಕಾರ್ಡುಗಳಲ್ಲಿ ಇನ್ನೂ ಇದ್ದವು. ಆಲ್ಬಂ ಕೊಡುವವರೆಗೂ ಕಾರ್ಡ್ ಅಳಿಸದ ಅಭ್ಯಾಸ ಆಕೆಗೆ ಮೊದಲಿನಿಂದ ಇತ್ತು. 2400ರಲ್ಲಿ ಓಡುತ್ತಿದ್ದ ಕಂಪ್ಯೂಟರಿಗೇ ಕಾರ್ಡ್ ಹಾಕಿ ಎಲ್ಲವನ್ನೂ ಮತ್ತೆ ಕಾಪಿ ಮಾಡಿದೆವು. ಧಾರೆಯ ಫೋಟೋ ಪೂರ್ತಿ ಬಂತು. ಕ್ಯಾಬಿನೆಟ್ ಮುಚ್ಚುವ ಮೊದಲು ಎರಡೂ ಸ್ಟಿಕ್ಕಿನ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಒಳಬದಿಗೆ ಅಂಟಿಸಿದೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಎಕ್ಸ್‌ಎಂಪಿ ಆಫ್ ಇರಲಿ, 2400 ಸರಿ" ಎಂದು ಬರೆದೆ. ಯಜಮಾನರು ಅದರದ್ದೊಂದು ಫೋಟೋ ತೆಗೆದು ಫೋನಿನಲ್ಲಿಟ್ಟುಕೊಂಡರು.